ರೊಟ್ಟಿ ಹಂಚಿನ ಮೇಲೆ ಮೀನು

ಸ್ಟೇಷನ್ ರಸ್ತೆ, ವಿಜಯಪುರ
೨೮ ಆಗಸ್ಟ್ ೨೦೨೫

ಯಪ್ಪಾ,

ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಬರೆದರೆ ನೀನು ಅಷ್ಟನ್ನೇ ಓದಿ ಕಾಗದವನ್ನು ತೊಲೆಯ ಸಂದಿಗೆ ಸಿಗಿಸುತ್ತೀ. ಅದಕ್ಕೇ ನೇರ ಮಾತಿಗೆ ಬರುತ್ತೇನೆ. ನಿನ್ನ ಬಲಗಾಲಿನ ಹುಣ್ಣು ನೋಡಿ ಡಾಕ್ಟರು ಏನು ಹೇಳಿದರು ಎನ್ನುವುದನ್ನು ಅವ್ವ ನನಗೆ ಹೇಳಿದ್ದಾಳೆ. ನೀನು ಮಾತ್ರ ಫೋನಿನಲ್ಲಿ, "ನಾ ಆರಾಮ ಅದೀನಿ, ಕುರಿ ಆರಾಮ ಅದಾವ, ಇಡ್ತೀನಿ" ಎಂದು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಇನ್ನು ಮೇಲೆ ಕಾಗದವೇ.

ಸಕ್ಕರೆ ಇಳಿಯದೆ ಹುಣ್ಣು ಮಾಯುವುದಿಲ್ಲ. ದೀಪಾವಳಿಯೊಳಗೆ ಮಾಯದಿದ್ದರೆ ಈ ವರ್ಷ ನೀನು ಹಿಂಡಿನ ಹಿಂದೆ ತಿಕೋಟಾಕ್ಕೆ ನಡೆಯುವ ಹಾಗಿಲ್ಲ. ಇದು ಡಾಕ್ಟರ ಮಾತು. ನನ್ನ ಮಾತೂ ಒಂದಿದೆ. ದೊಡ್ಡಪ್ಪನದೂ ಮೊದಲು ಹೆಬ್ಬೆರಳಿನ ಸಣ್ಣ ಹುಣ್ಣೇ ಆಗಿತ್ತು. ಮುಂದಿನದು ನಿನಗೂ ಗೊತ್ತು, ನನಗೂ ಗೊತ್ತು.

ಗುಳಿಗೆ ತಪ್ಪಿಸಬೇಡ. ಮಧ್ಯಾಹ್ನ ಒಂದು ರೊಟ್ಟಿ ಇರಲಿ. ಸಂಜೆಯ ಊಟಕ್ಕೆ ರೊಟ್ಟಿ ಇಲ್ಲ, ಅನ್ನ ಇಲ್ಲ, ನುಚ್ಚೂ ಇಲ್ಲ. ಬಾಯಿ ತೆರೆಯಬೇಡ, ಪೂರ್ತಿ ಓದು. ಹೇಗೂ ಶ್ರಾವಣ ಮುಗಿದಿದೆ. ನಮ್ಮ ಖಾನಾವಳಿಗೆಂದು ನಿನ್ನ ಅಳಿಯ ಸೋಮು ದಿನಾ ಬೆಳಿಗ್ಗೆ ಮೀನು ತರುತ್ತಾನೆ. ಅದರಲ್ಲಿ ನಿನ್ನ ಪಾಲು ಐಸಿನಲ್ಲಿಟ್ಟು ಬಬಲೇಶ್ವರದ ಜೀಪಿನ ಫಯಾಜನ ಕೈಯಲ್ಲಿ ಕಳಿಸುತ್ತೇನೆ. ಸೋಮವಾರ ಬಿಟ್ಟು.

ಇದನ್ನು ಅವ್ವನಿಗೆ ಓದಿ ಹೇಳು. ಕಟ್ಲಾ ತುಂಡುಗಳಿಗೆ ಉಪ್ಪು, ಅರಿಷಿಣ, ಖಾರಪುಡಿ, ಜಜ್ಜಿದ ಬಳ್ಳೊಳ್ಳಿ, ಲಿಂಬಿಹಣ್ಣಿನ ರಸ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಜೋಳದ ಹಿಟ್ಟು, ರವೆ ಏನೂ ಸೋಕಬಾರದು. ಕಬ್ಬಿಣದ ಹಂಚು ಚೆನ್ನಾಗಿ ಕಾದ ಮೇಲೆ ಕುಸುಬಿ ಎಣ್ಣೆ ಬಿಟ್ಟು ಮೀನು ಹಾಕಬೇಕು. ಅದು ತಾನಾಗಿ ಹಂಚು ಬಿಡುವವರೆಗೆ ಮುಟ್ಟಬಾರದು. ಒಂದೇ ಸಲ ಮಗುಚಿ, ಮೀನನ್ನು ಬದಿಗೆ ಸರಿಸಿ, ಅದೇ ಎಣ್ಣೆಯಲ್ಲಿ ಮೆಂತ್ಯೆ ತಪ್ಪಲು ಬಾಡಿಸಿದರೆ ಊಟ ತಯಾರು.

ನಾನೇ ಬಂದು ಮಾಡಿಕೊಡುತ್ತಿದ್ದೆ. ಆದರೆ "ಬಾ" ಎಂಬ ಮಾತು ನಿನ್ನ ಬಾಯಿಂದ ಬಂದು ಎಷ್ಟು ಕಾಲವಾಯಿತು ಎಂದು ನೀನೇ ಬಲ್ಲೆ.

ನಿನ್ನ ಹಟವೇ ಬಂದಿರುವ ಮಗಳು,
ಕಸ್ತೂರಿ

*

ಬಬಲೇಶ್ವರ
೩ ಸೆಪ್ಟೆಂಬರ್ ೨೦೨೫

ಚಿರಂಜೀವಿ ಕಸ್ತೂರಿಗೆ,

ಆಶೀರ್ವಾದ ಕೊನೆಗೆ ಮಾಡುತ್ತೇನೆ. ಮೊದಲು ಸಿಟ್ಟು.

ಬರೆದ ಹಾಗೆಯೇ ಓದಿ ಹೇಳಿದೆ. ನಿನ್ನ ಅವ್ವ ಕೇಳಿದ ಹಾಗೆಯೇ ಮಾಡಿದಳು. ಈ ಮನೆಯಲ್ಲಿ ಇರುವುದು ಒಂದೇ ಕಬ್ಬಿಣದ ಹಂಚು, ರೊಟ್ಟಿ ಹಂಚು. ಆ ಹಂಚಿಗೆ ನೀರು, ಹಿಟ್ಟು, ಬೆಂಕಿ ಬಿಟ್ಟರೆ ಬೇರೆ ಯಾವುದರ ಪರಿಚಯವೂ ಇರಲಿಲ್ಲ. ನನ್ನ ಅವ್ವ ತಂದದ್ದು. ಒಂದು ಹನಿ ಎಣ್ಣೆ ಬಿದ್ದರೂ ಆಕೆ ಮನೆ ತಲೆ ಮೇಲೆ ಹೊರುತ್ತಿದ್ದಳು. ನಾನು ದನಗಳಿಗೆ ನೀರು ಕುಡಿಸಿಕೊಂಡು ಬರುವಷ್ಟರಲ್ಲಿ ಅದರ ಮೇಲೆ ಎಣ್ಣೆ ಚುರುಗುಟ್ಟುತ್ತಿತ್ತು, ಮೀನು ಮಲಗಿತ್ತು. "ಬೋರವ್ವಾ, ಏನ ಮಾಡಾಕತ್ತಿ ಬೇ?" ಎಂದು ಕೂಗಿದೆ. "ನಿಮ್ಮ ಮಗಳು ಬರದಾಳ, ನೀವ ಓದೀರಿ, ನಾ ಮಾಡೇನಿ. ನನ್ನ ಮ್ಯಾಲ್ಯಾಕ ಹಾರತೀರಿ?" ಎಂದಳು.

ಮರುದಿನ ರೊಟ್ಟಿ ಉಬ್ಬಲಿಲ್ಲ. ಅಲ್ಲಲ್ಲಿ ಕರಕಾಯಿತು. ನನಗೆ ಇರುವುದೇ ದಿನಕ್ಕೆ ಒಂದು ರೊಟ್ಟಿ, ಅದೂ ಮೀನು ನಾರುತ್ತಿತ್ತು.

ನಾನು ಕುರಿ ಕಾಯುವವನು. ಮೀನಿಗೆ ಕಾಲಿಲ್ಲ, ಉಣ್ಣೆ ಇಲ್ಲ, ಕರೆದರೆ ಬರುವುದಿಲ್ಲ. ಅದನ್ನು ತಿಂದು ನಾನು ನಡೆಯುವುದು ಹೇಗೆ? ರೊಟ್ಟಿ ಮುರಿಯದೆ ಕೈ ತಾಟಿನಲ್ಲಿ ಸುಮ್ಮನೆ ಅಲೆದಾಡುತ್ತದೆ. ತುಂಡುಗಳನ್ನು ಪೂರಾ ತಿಂದದ್ದು ನಿಜ, ಹಸಿವಾಗಿತ್ತು.

ಇನ್ನೊಂದು ಮಾತು. ನಮ್ಮದು ಬಂದವರನ್ನು ಕರೆದು ಬಡಿಸುವ ಮನೆತನ. ನೀನು ಊಟ ಮಾರುವ ಅಂಗಡಿ ತೆಗೆದೆ. ಆ ಅಂಗಡಿಯ ಮೀನು ನನ್ನ ಮನೆಗೆ ಬರುವುದು ನನಗೆ ಸರಿ ಕಾಣುವುದಿಲ್ಲ.

ಪತ್ರಕ್ಕೆ ಪುಸ್ತಕದ ಭಾಷೆಯೇ ಬೇಕೆಂದು ನಮ್ಮ ಸಾಲಿ ಮಾಸ್ತರರು ಕಲಿಸಿದ್ದರು. ಅದಕ್ಕೇ ಇಷ್ಟು ಮರ್ಯಾದೆಯಿಂದ ಬೈದಿದ್ದೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ತಂದೆ ಅಮಸಿದ್ದ

*

ಸ್ಟೇಷನ್ ರಸ್ತೆ, ವಿಜಯಪುರ
೬ ಸೆಪ್ಟೆಂಬರ್ ೨೦೨೫

ಯಪ್ಪಾ,

ನಿನ್ನ ಕಾಗದ ಓದಿ ಸೋಮು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ಆಯಿಯ ಹಂಚು ನನಗೂ ಗೊತ್ತು. ಖಾನಾವಳಿಯಲ್ಲಿ ಹತ್ತಾರು ಹಂಚುಗಳ ನಡುವೆ ನಿಂತು ಬರೆದೆ, ನಮ್ಮ ಮನೆಯಲ್ಲಿ ಒಂದೇ ಇದೆ ಎಂಬುದು ಮರೆತೇಹೋಯಿತು. ತಪ್ಪಾಯಿತು.

ಹಂಚು ಕೆಟ್ಟಿಲ್ಲ, ಹೆದರಬೇಡ. ಬೂದಿ ಹಚ್ಚಿ ತಿಕ್ಕಿ, ಕಟ್ಟಿಗೆಯ ಒಲೆಯ ಮೇಲೆ ಖಾಲಿ ಕಾಯಲು ಬಿಡಿರಿ. ಎಣ್ಣೆಯೆಲ್ಲ ಹೊಗೆಯಾಗಿ ಹೋಗಿ ಹಂಚು ಬೂದು ಬಣ್ಣಕ್ಕೆ ತಿರುಗಬೇಕು. ಮೊದಲಿನ ರೊಟ್ಟಿ ನಾಯಿಗೆ ಹಾಕಿರಿ, ಆಮೇಲಿನದು ಉಬ್ಬುತ್ತದೆ.

ಮೀನಿಗೆ ಬೇರೆ ತವಾ ಕಳಿಸಿದ್ದೇನೆ. ಸುತ್ತ ಅಂಚಿದೆ, ಉದ್ದ ಹಿಡಿಕೆ ಇದೆ. ನಮ್ಮ ಒಲೆಯ ಮೇಲೆ ನಾನೇ ಎಣ್ಣೆ ಹಚ್ಚಿ ಹಚ್ಚಿ ಪಳಗಿಸಿದ್ದೇನೆ. ಇದು ಮಾರಿದ ತವಾ ಅಲ್ಲ, ಮಗಳು ಅಪ್ಪನಿಗೆ ಕೊಟ್ಟದ್ದು. ಬೇಡವೆನ್ನುವುದಾದರೆ ನೀನೇ ಜೀಪು ಹತ್ತಿ ಬಂದು ನನ್ನ ಕೈಗೆ ವಾಪಸು ಕೊಡು.

ಊಟ ಮಾರುತ್ತೇನೆ, ಹೌದು. ಹಸಿದು ಬಂದವರ ಮುಂದೆ ಬಿಸಿ ತಾಟು ಇಡುವಾಗ ನನ್ನ ಕೈ ಯಾವತ್ತೂ ನಾಚಿಲ್ಲ. ಈ ಮಾತು ಇಲ್ಲಿಗೆ ಸಾಕು, ಈಗ ನಿನ್ನ ಕಾಲು ದೊಡ್ಡದು.

ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸು. ನೀನೇ ಮಾಡು. ಹಿಂಡಿನ ಹಿಂದೆ ಹೋದಾಗ ಮೂರು ಕಲ್ಲು ಹೂಡಿ ಹತ್ತು ಜನರಿಗೆ ಅಡಿಗೆ ಮಾಡುವವನಿಗೆ ಎರಡು ತುಂಡು ಮೀನು ಹುರಿಯಲು ಬರುವುದಿಲ್ಲವೇ?

ಸವಾಲು ಹಾಕುತ್ತಿರುವ,
ಕಸ್ತೂರಿ

*

ಬಬಲೇಶ್ವರ
೧೯ ಸೆಪ್ಟೆಂಬರ್ ೨೦೨೫

ಕಸ್ತೂರಿಗೆ,

ನೀನು ಸವಾಲು ಹಾಕುತ್ತೀ ಎಂದು ನಾನು ಒಲೆ ಮುಂದೆ ಕೂತೆ ಎಂದುಕೊಳ್ಳಬೇಡ. ಮನೆಗೆ ಬಂದ ತವಾ ತುಕ್ಕು ಹಿಡಿಯಬಾರದು ಎಂದು ಕೂತೆ.

ಮೊದಲ ದಿನ ಅವಸರ ಮಾಡಿದೆ. ಮೀನು ಅರ್ಧ ತವಾಕ್ಕೇ ಅಂಟಿತು, ನನ್ನ ಪಾಲಿಗೆ ಬಂದದ್ದು ಅರ್ಧ. ಬೋರವ್ವ ಬಾಗಿಲಲ್ಲಿ ನಿಂತು, "ಮುಟ್ಟಬ್ಯಾಡ ಅಂತ ಕೂಸು ಬರದಿತ್ತಲ್ರಿ, ನೀವ ಓದಿದ್ರೆಲ್ಲಾ" ಎಂದು ಚುಚ್ಚಿದಳು. ಎರಡನೆಯ ದಿನ ಕೈ ಕಟ್ಟಿಕೊಂಡು ಕೂತೆ. ಎಣ್ಣೆಯ ಸದ್ದು ಮೊದಲು ಜೋರಾಗಿತ್ತು, ಆಮೇಲೆ ಸಣ್ಣದಾಯಿತು. ಅಂಚು ಕೆಂಪಗಾಯಿತು. ತವಾ ಅಲುಗಿಸಿದರೆ ಮೀನು ತಾನೇ ಜಾರಿತು. ಆಗ ಮಗುಚಿದೆ. ಚೂರೂ ಒಡೆಯಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ, ಬರೆದುಕೋ. ಕೊನೆಗೆ ಒಲೆಯಿಂದ ಇಳಿಸಿ, ಬಿಸಿ ಇರುವಾಗಲೇ ಮೇಲೆ ಗುರೆಳ್ಳು ಪುಡಿ ಉದುರಿಸಬೇಕು. ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿಯೇ ಬದಿಗೆ ಇಟ್ಟುಕೊಳ್ಳಬೇಕು. ಫಯಾಜ ಡಬ್ಬಿ ವಾಪಸು ಒಯ್ಯಲು ಬಂದವನು ಒಂದು ತುಂಡು ತಿಂದು, "ಕಾಕಾ, ಕಸ್ತೂರಿ ಅಕ್ಕಾನ ಅಂಗಡ್ಯಾಗ ಹಿಂಗ ಇರೂದಿಲ್ರಿ" ಎಂದ. ನಾನು ಹೇಳಿಸಿದ ಮಾತಲ್ಲ, ಬೇಕಾದರೆ ಅವನನ್ನೇ ಕೇಳು.

ತಿಕೋಟಾದಿಂದ ಶಿವಯೋಗೆಪ್ಪ ಗೌಡರು ಬಂದಿದ್ದರು. ಪ್ರತಿ ವರ್ಷ ನಮ್ಮ ಹಿಂಡು ನಿಲ್ಲುವುದು ಅವರ ದ್ರಾಕ್ಷಿ ತೋಟದ ಪಕ್ಕದ ಹೊಲದಲ್ಲಿ ಎಂದು ನಿನಗೆ ಗೊತ್ತಿದೆ. ತೋಟಕ್ಕೆ ಕುರಿಗೊಬ್ಬರ ಬೇಕು, ಯಾವಾಗ ಬರುತ್ತೀರಿ ಎಂದು ಕೇಳಿದರು. ದೀಪಾವಳಿ ದಾಟಿದ ಮೇಲೆ ಎಂದೆ. ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡೇ ಕೂತಿದ್ದೆ, ಆದರೂ ಅವರ ಕಣ್ಣಿಗೆ ಬಿತ್ತು. ಅವರ ಮನೆಯವರು ನೀಲಾಬಾಯಿ, ಅಶಕ್ತಿಗೆ ಒಳ್ಳೆಯದೆಂದು ಒಣದ್ರಾಕ್ಷಿ ಕಳಿಸಿಕೊಟ್ಟಿದ್ದಾರೆ. ಆ ತಾಯಿಯ ಮನಸ್ಸು ದೊಡ್ಡದು.

ನವರಾತ್ರಿಗೆ ದೇವಿಯ ಘಟ್ಟ ಕೂರಿಸುತ್ತೇವೆ, ದಸರೆ ಮುಗಿಯುವವರೆಗೆ ಮೀನು ಕಳಿಸಬೇಡ. ಪಲ್ಯ, ಮೊಸರು, ಶೇಂಗಾದಲ್ಲಿ ಕಳೆಯುತ್ತೇನೆ. ರೊಟ್ಟಿ ಮುಟ್ಟುವುದಿಲ್ಲ.

ಗೆದ್ದ ತಂದೆ,
ಅಮಸಿದ್ದ

*

ಸ್ಟೇಷನ್ ರಸ್ತೆ, ವಿಜಯಪುರ
೬ ಅಕ್ಟೋಬರ್ ೨೦೨೫

ಯಪ್ಪಾ,

ನಿನ್ನ ಗುರೆಳ್ಳು ಮೀನನ್ನು ಗಿರಾಕಿಗಳಿಗೆ ಕೊಟ್ಟೆ, ಕೇಳಿ ಕೇಳಿ ತಿನ್ನುತ್ತಿದ್ದಾರೆ ಎಂದು ಬರೆಯಬೇಕೆಂದಿದ್ದೆ. ಆ ಉಮೇದು ಈಗಿಲ್ಲ.

ಇಂದು ತಮ್ಮ ರಾಹುಲ ನಿನ್ನನ್ನು ಡಾಕ್ಟರ ಹತ್ತಿರ ಕರೆತಂದಿದ್ದ. ನಿಮ್ಮ ಆಟೊ ನಮ್ಮ ಖಾನಾವಳಿಯ ಮುಂದೆಯೇ ಹೋಯಿತು. ನಾನು ಒಲೆ ಸಣ್ಣ ಮಾಡಿ ಹೊರಗೆ ಓಡಿ ಬರುವಷ್ಟರಲ್ಲಿ ತಿರುವು ದಾಟಿತ್ತು. ನೀನು ಈ ಕಡೆ ನೋಡಿದೆಯೋ ಇಲ್ಲವೋ, ನಾನು ಕೇಳುವುದಿಲ್ಲ. ಆಮೇಲೆ ರಾಹುಲನೇ ಫೋನಿನಲ್ಲಿ ಹೇಳಿದ. ಸಕ್ಕರೆ ಇಳಿದಿಲ್ಲ, ಹುಣ್ಣು ಇನ್ನೂ ಹಸಿಯಾಗಿಯೇ ಇದೆ. ಹೀಗೇ ಆದರೆ ಬೆರಳು ಉಳಿಸುವುದು ಕಷ್ಟ ಎಂದು ಡಾಕ್ಟರು ನಿನ್ನ ಎದುರಿಗೇ ಅಂದರಂತೆ.

ಗುಳಿಗೆ ನುಂಗುತ್ತಿದ್ದೀ, ಅವ್ವ ಎದುರು ನಿಂತು ಕೊಡುತ್ತಾಳೆ. ಸಂಜೆ ಮೀನು, ಪಲ್ಯ. ಹಾಗಾದರೆ ಸಕ್ಕರೆ ಎಲ್ಲಿಂದ ಬಂತು? ಹಬ್ಬದಲ್ಲಿ ಹೋಳಿಗೆ ತಿಂದೆಯಾ? ಬೀಗರ ಮನೆಯಲ್ಲಿ ಕೂತು ರೊಟ್ಟಿ ಮುರಿದೆಯಾ? ಒಲೆಯ ಮುಂದೆ ಬೆವರು ಸುರಿಸಿ, ಐಸು ಹುಡುಕಿ, ಫಯಾಜನ ಕೈಕಾಲು ಹಿಡಿದು ನಾನು ಮೀನು ಕಳಿಸುತ್ತಿದ್ದರೆ ನೀನು ಕದ್ದು ತಿನ್ನುತ್ತೀ. ನನಗೆ ಮೋಸ ಮಾಡಿದರೆ ಮಾಡು. ನಿನ್ನ ಕಾಲಿಗೆ ಮೋಸ ಮಾಡಬೇಡ ಯಪ್ಪಾ.

ಕಸ್ತೂರಿ

*

ಬಬಲೇಶ್ವರ
೯ ಅಕ್ಟೋಬರ್ ೨೦೨೫

ಕಸ್ತೂರಿಗೆ,

ಘಟ್ಟದ ಮುಂದೆ ಹೋಳಿಗೆಯ ಎಡೆ ಇಟ್ಟರು. ಕೈ ಮುಗಿದು ಎದ್ದು ಬಂದೆ. ಬೀಗರು ಎಷ್ಟೇ ಒತ್ತಾಯ ಮಾಡಿದರೂ ಬರೀ ಪಲ್ಯ ಉಂಡು ಬಂದೆ, ಅವರು ಬೇಜಾರು ಮಾಡಿಕೊಂಡರು. ಹುಟ್ಟಿದಾಗಿನಿಂದ ಯಾರ ಹೊಲದ ಒಂದು ತೆನೆಯನ್ನೂ ಕದಿಯದವನನ್ನು ಮಗಳು ಕಳ್ಳ ಎಂದಳು.

ಮೀನು ಕಳಿಸಬೇಡ. ತವಾ ಫಯಾಜನ ಕೈಯಲ್ಲಿ ಬರುತ್ತದೆ.

ಅಮಸಿದ್ದ

*

ಬಬಲೇಶ್ವರ ಜೀಪ್ ಸ್ಟ್ಯಾಂಡ್
೧೩ ಅಕ್ಟೋಬರ್ ೨೦೨೫

ಯವ್ವಾ ಕಸ್ತೂರಿ,

ನಾ ನಿಮ್ಮವ್ವ ಬೋರವ್ವ. ನಾ ಹೇಳಾಕತ್ತೇನಿ, ಫಯಾಜ ಜೀಪಿನ್ಯಾಗ ಕುಂತು ಬರಿಯಾಕತ್ತಾನ. ಮನ್ಯಾಗ ಫೋನ್ ಮಾಡಿದ್ರ ನಿಮ್ಮಪ್ಪ ಕೇಳಸ್ಕೋತಾನ.

ತವಾ ನಾ ಕೊಟ್ಟಿಲ್ಲ. ಕಾಳಿನ ಚೀಲದ ಹಿಂದ ಇಟ್ಟೇನಿ. ಕಳಿಸೇನಿ ಅಂತ ಅವನಿಗೆ ಸುಳ್ಳ ಹೇಳೇನಿ.

ಈಗ ಕೇಳು. ಇವತ್ತ ನಿಮ್ಮಪ್ಪನ ಅಂಗಿ ತೊಳಿಯಾಕ ತಗೊಂಡ್ನಿ. ಕಿಸೆದಾಗ ಇರಿವಿ ಅಂದ್ರ ಇರಿವಿ, ಸಾಲು ಹಚ್ಚಿದ್ವು. ಕೈ ಹಾಕಿ ನೋಡ್ತೇನಿ, ಒಣದ್ರಾಕ್ಷಿ! ಅಂಟಂಟ ಉಂಡಿ ಆಗಿತ್ತು. "ಏನ್ರಿ ಇದು?" ಅಂದೆ. "ದ್ರಾಕ್ಷಿ. ನೀಲಾಬಾಯಿ ಕೊಟ್ಟಾರ. ಹಸಿವಾದಾಗೆಲ್ಲಾ ಒಂದ ಮುಟಗಿ ತಿಂತೇನಿ, ರೊಟ್ಟಿ ನೆನಪ ಆಗೂದಿಲ್ಲ" ಅಂದಾನ. ಎದಿ ಸೆಟಿಸಿ ಹೇಳ್ಯಾನ ಯವ್ವಾ! "ಸಿಹಿ ಅಲ್ಲೇನ್ರಿ ಅದು?" ಅಂದ್ರ, "ಹಣ್ಣದು. ಡಾಕ್ಟರ್ ರೊಟ್ಟಿ ಅಂದಾನ, ಅನ್ನ ಅಂದಾನ, ಸಕ್ರಿ ಬೆಲ್ಲ ಅಂದಾನ. ಗಿಡದ ಹಣ್ಣಿಗೆ ಏನಂದಾನ?" ಅಂತ ನನಗ ತಿರುಗಿ ಕೇಳ್ಯಾನ. ಡಬ್ಬಿ ನೋಡಿದ್ರ ತಳ ಕಾಣಾಕತ್ತಿತ್ತು.

ಅವನು ಕದ್ದಿಲ್ಲ ಯವ್ವಾ. ಅವನಿಗೆ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ನಿನ್ನ ಕಾಗದ ಬಂದಾಗಿಂದ ಕಟ್ಟಿ ಮ್ಯಾಲ ಸುಮ್ಮ ಕುಂತಾನ. ಕುರಿ ಒದರಿದ್ರೂ ಎದ್ದು ನೋಡೂದಿಲ್ಲ. ನೀ ಏನರ ಬರಿ, ಲಗೂನ ಬರಿ.

(ಅಕ್ಕಾ, ಫಯಾಜ ಬರಿಯಾಕತ್ತೇನ್ರಿ. ನಂಗೂ ಕಾಕಾ ದಿನಾ ದ್ರಾಕ್ಷಿ ಕೊಡ್ತಿದ್ರು. ನಾನೂ ಹಣ್ಣ ಅಂತ ತಿಂದೇನ್ರಿ.)

ನಿಮ್ಮವ್ವ

*

ಸ್ಟೇಷನ್ ರಸ್ತೆ, ವಿಜಯಪುರ
೧೪ ಅಕ್ಟೋಬರ್ ೨೦೨೫

ಯಪ್ಪಾ, ನನ್ನಪ್ಪಾ,

ನೀನು ಕದಿಯುವವನಲ್ಲ. ಕೇಳದೆ, ವಿಚಾರಿಸದೆ ನಿನ್ನನ್ನು ಕಳ್ಳನೆಂದೆ. ಬೆಳಿಗ್ಗೆ ಅವ್ವನ ಕಾಗದ ಓದಿ ಅತ್ತೆ, ಆಮೇಲೆ ನಕ್ಕೆ, ಸೋಮು ಬಂದು ಯಾವುದಕ್ಕೆಂದು ಕೇಳಿದಾಗ ಮತ್ತೆ ಅತ್ತೆ. ನೀನು ಎಷ್ಟು ಬೇಕಾದರೂ ಬೈಯಿ. ಪುಸ್ತಕದ ಭಾಷೆಯಲ್ಲಿ ಬೇಡ, ನಮ್ಮ ಮಾತಿನಲ್ಲೇ ಬೈಯಿ.

ಇವತ್ತೇ ಡಾಕ್ಟರ ಹತ್ತಿರ ಹೋಗಿ ಕೇಳಿ ಬಂದೆ. ದ್ರಾಕ್ಷಿ ಒಣಗಿದರೆ ಅದರ ನೀರಷ್ಟೇ ಹೋಗುತ್ತದೆ, ಸಕ್ಕರೆಯೆಲ್ಲ ಒಳಗೇ ಉಳಿಯುತ್ತದೆ ಎಂದರು. "ಹಣ್ಣಿನ ಮಾತು ನಾನೂ ತೆಗೀಲಿಲ್ಲವ್ವಾ" ಎಂದು ಅವರೂ ಒಪ್ಪಿಕೊಂಡರು. ನೀಲಾಬಾಯಿಯವರಿಗೆ ಏನೂ ಹೇಳಬೇಡ, ಪ್ರೀತಿಯಿಂದ ಕೊಟ್ಟದ್ದು. ಉಳಿದದ್ದನ್ನು ಫಯಾಜನ ಮಕ್ಕಳಿಗೆ ಕೊಡು.

ಯಪ್ಪಾ, ಇದು ಒಳ್ಳೆಯ ಸುದ್ದಿ. ನಿನ್ನ ಮೈ ಮಾತು ಕೇಳುತ್ತಿಲ್ಲ ಎಂದು ನಾನು ಹೆದರಿದ್ದೆ. ದ್ರಾಕ್ಷಿ ನಿಂತರೆ ಸಕ್ಕರೆ ಇಳಿಯುತ್ತದೆ, ನನಗೆ ಧೈರ್ಯವಿದೆ. ಗಾಯವನ್ನು ದಿನಾ ತೊಳೆದು ಒಣಗಿದ ಬಟ್ಟೆ ಕಟ್ಟಿಸು, ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡ. ಸಂಜೆ ಹಸಿವಾಗುವ ಮೊದಲೇ ಊಟ ಮಾಡು. ಹಸಿವಾದರೆ ಒಂದು ತುಂಡು ಜಾಸ್ತಿ ತಿನ್ನು, ನಾಳೆಯಿಂದ ದೊಡ್ಡ ತುಂಡುಗಳು ಬರುತ್ತವೆ.

ತವಾ ಕಾಳಿನ ಚೀಲದ ಹಿಂದಿದೆ. ಅವ್ವನ ಮೇಲೆ ಸಿಟ್ಟು ಮಾಡಬೇಡ.

ನಿನ್ನ ಕಸ್ತೂರಿ

*

ತಿಕೋಟಾ
೨೧ ನವೆಂಬರ್ ೨೦೨೫

ಯವ್ವಾ ಕಸ್ತೂರಿ,

ಮೇಲೆ ಬರೆದ ಊರಿನ ಹೆಸರು ಇನ್ನೊಂದು ಸಲ ಓದು. ಓದಿದೆಯಾ? ಸರಿ.

ದೀಪಾವಳಿಯ ಗಡುವಿಗಿಂತ ಸ್ವಲ್ಪ ತಡವಾಯಿತು ಅಷ್ಟೇ. ಕಳೆದ ವಾರ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು, ಮತ್ತೆ ಕಟ್ಟಲಿಲ್ಲ. ಹುಣ್ಣಿನ ಜಾಗದಲ್ಲಿ ಹೊಸ ತೊಗಲು ಬಂದಿದೆ, ಎಳೆಗೂಸಿನದರ ಹಾಗೆ ಕೆಂಪಗಿದೆ. ಸಕ್ಕರೆಯೂ ಇಳಿದಿದೆ, ಗುಳಿಗೆ ಮಾತ್ರ ಬಿಡುವ ಹಾಗಿಲ್ಲ. "ಬೂಟು ಹಾಕ್ಕೊಂಡು, ನಡುನಡುವೆ ಕೂತು, ನಿಧಾನ ನಡೀಬೇಕು" ಎಂದರು. ಅಲ್ಲಿಂದ ನಿನ್ನಲ್ಲಿಗೆ ಬರಬೇಕೆಂದಿದ್ದೆ. ಅಂದೇ ಬಂದಿದ್ದರೆ ಖುಷಿಯಲ್ಲಿ ಅತ್ತುಬಿಡುತ್ತಿದ್ದೆ. ನಿನ್ನ ಗಿರಾಕಿಗಳ ಮುಂದೆ ಅದು ಬೇಡ ಎನಿಸಿತು.

ರಾಹುಲ ಬೂಟು ಕೊಡಿಸಿದ. ಮೊದಲ ದಿನ ಕುರಿಗಳು ನನ್ನ ಕಾಲು ನೋಡಿ ಬೆದರಿ ಚೆದುರಿದವು, ಧ್ವನಿ ಕೇಳಿದ ಮೇಲೆ ನಂಬಿದವು. ಮೂರು ಕಡೆ ನಿಂತು ನಿಂತು ತಿಕೋಟಾ ಸೇರಿದೆವು.

ಗೌಡರು ಮೀನು ಮುಟ್ಟುವವರಲ್ಲ. ಅವರ ಹೊಲದಲ್ಲಿ ನಾನು ಮೀನು ಹುರಿಯುವುದು ಸರಿಯಲ್ಲವೆಂದು ಹಳ್ಳದ ಆಚೆ ದಂಡೆಯಲ್ಲಿ ಮೂರು ಕಲ್ಲು ಹೂಡಿದ್ದೇನೆ. ತಿಕೋಟಾ ಬಸ್ಸಿನ ಕಂಡಕ್ಟರ ಕೈಯಲ್ಲಿ ನೀನು ಕಳಿಸಿದ ಮೀನು ಐಸು ಕರಗುವ ಮೊದಲೇ ಬಂತು. ಬೇರೆ ಕುರಿಗಾರರು ಮುದ್ದೆ, ರೊಟ್ಟಿ ಮುಂದಿಟ್ಟುಕೊಂಡು ನನ್ನ ತವಾ ನೋಡುತ್ತ ಕೂತಿದ್ದರು. "ಅಮಸಿದ್ದಣ್ಣಾ, ರೊಟ್ಟಿ ಬಿಟ್ಟು ಹೆಂಗ ಇರತೀ ಮಾರಾಯಾ?" ಎಂದು ಕೇಳಿದರು. "ನಿಮ್ಮ ಕಾಲು ನೋಡ್ಕೋರಿ, ಆಮ್ಯಾಲ ಕೇಳ್ರಿ" ಎಂದೆ. ಇಬ್ಬರು ಅಲ್ಲೇ ಕೂತು ತಮ್ಮ ಹಿಮ್ಮಡಿ ತಿರುಗಿಸಿ ನೋಡಿಕೊಂಡರು.

ಈಗ ಒಂದು ಮಾತು. ಫೋನಿನಲ್ಲಿ ನಾನು ಬೇಗ ಇಡುತ್ತಿದ್ದದ್ದು ಕುರಿಯ ಕೆಲಸಕ್ಕಾಗಿ ಅಲ್ಲ. ಅಣ್ಣನ ಕಾಲು ತೆಗೆದ ದಿನ ಅವನ ಹಾಸಿಗೆಯ ಪಕ್ಕದಲ್ಲಿ ನಾನೇ ಕೂತಿದ್ದೆ. ಅವನು ಖಾಲಿ ಜಾಗವನ್ನು ಕೈಯಿಂದ ತಡವುತ್ತಿದ್ದ. ನನಗೂ ಅದೇ ಗತಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಇನ್ನೊಂದು ಮಾತು ಆಡಿದರೆ ನನ್ನ ಧ್ವನಿ ನಡುಗುವುದು ನಿನಗೆ ಕೇಳಿಸುತ್ತಿತ್ತು.

ಮೊನ್ನೆ ಇಲ್ಲಿ ಮಳೆ ಹನಿದಿತ್ತು. ನಸುಕಿನಲ್ಲಿ ಹಿಂಡನ್ನು ಎರಿ ಹೊಲಕ್ಕೆ ಬಿಟ್ಟು ಹಿಂದೆ ನಡೆದೆ. ಸ್ವಲ್ಪ ದೂರ ಹೋಗಿ ಯಾಕೋ ತಿರುಗಿ ನೋಡಿದೆ. ಕುರಿಯ ಗೊರಸುಗಳ ನಡುವೆ ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆಗಳು ಮೂಡಿದ್ದವು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಅಲ್ಲಿಯೇ ಕೂತು ಅತ್ತೆ ಯವ್ವಾ. ಕುರಿಗಳ ಹೊರತು ಯಾರೂ ನೋಡಲಿಲ್ಲ.

ಬುಧವಾರ ತಿಕೋಟಾ ಬಸ್ಸು ಹತ್ತಿ ಬಾ. ಒಂದು ದಿನ ಖಾನಾವಳಿಯನ್ನು ಸೋಮು ನೋಡಿಕೊಳ್ಳಲಿ. ಮೀನು ನಾನು ಹುರಿಯುತ್ತೇನೆ, ನೀನು ಕೂತು ಉಣ್ಣು. ಅದಾದ ಮೇಲೆ ನಿನ್ನ ಕೈಯ ಊಟಕ್ಕೆ ನಾನು ಬರುತ್ತೇನೆ. ಬಸ್ ಸ್ಟ್ಯಾಂಡಿನಿಂದ ಸ್ಟೇಷನ್ ರಸ್ತೆಯವರೆಗೆ ನಡೆದೇ ಬರುತ್ತೇನೆ.

ನಿನ್ನಪ್ಪ,
ಅಮಸಿದ್ದ